ಮನೆಯಲ್ಲಿ ಬೆಕ್ಕಿದೆಯೇ? ಚಿಗಟದ ಔಷಧಗಳ ಎಚ್ಚರದ ಬಳಕೆ ಕುರಿತು

ದಾವಣಗೆರೆಯ ವಿದ್ಯಾನಗರದಲ್ಲಿ ನಾಯಿ, ಬೆಕ್ಕು ಸಾಕಿರುವ ಮನೆಯವರ ಮುಂದೆ ಆಡಿದ ಮಾತುಗಳ ಬರಹ ರೂಪವಿದು. ಅಂದು ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಅವು ಸೇರಬೇಕಾದ ಜಾಗದಲ್ಲಿಯೇ ಸೇರಿಸಿದ್ದೇನೆ.

ಮಾನ್ಯರೇ,

ಪಶುವೈದ್ಯನಾಗಿ ಕೆಲಸಕ್ಕೆ ಸೇರಿದ ಮೊದಲ ವರ್ಷಗಳಲ್ಲಿ ನನ್ನಿಂದ ಆದ ಒಂದು ತಪ್ಪಿನಿಂದಲೇ ಈ ಮಾತನ್ನು ಆರಂಭಿಸುತ್ತೇನೆ. ಚಿತ್ರದುರ್ಗ ಜಿಲ್ಲೆಯ ಒಂದು ಹಳ್ಳಿಯಲ್ಲಿ ಕುರಿ ಸಾಕಿದ್ದ ಮನೆಯ ಹೆಣ್ಣುಮಗಳೊಬ್ಬರು, ತಮ್ಮ ನಾಯಿಗೆ ಚಿಗಟ ವಿಪರೀತವಾಗಿದೆ, ಅದು ರಾತ್ರಿಯೆಲ್ಲ ಕೆರೆದುಕೊಳ್ಳುತ್ತದೆ ಎಂದು ಹೇಳಿಕೊಂಡು ಬಂದರು. ಪೈರೆಥ್ರಾಯ್ಡ್ ಗುಂಪಿಗೆ ಸೇರಿದ ಔಷಧವೊಂದನ್ನು ಕೊಟ್ಟು, ನೀರಿಗೆ ಎಷ್ಟು ಬೆರೆಸಬೇಕು, ಹೇಗೆ ಹಚ್ಚಬೇಕು, ಕಣ್ಣು ಬಾಯಿಗೆ ತಾಗದಂತೆ ಹೇಗೆ ನೋಡಿಕೊಳ್ಳಬೇಕು ಎಂಬುದನ್ನೆಲ್ಲ ಸರಿಯಾಗಿಯೇ ಹೇಳಿಕೊಟ್ಟೆ. ಅವರೂ ಹೇಳಿದಂತೆಯೇ ಮಾಡಿದರು. ಮಾರನೆಯ ದಿನ ಮಧ್ಯಾಹ್ನ ಅವರು ಮತ್ತೆ ಬಂದರು. ಬಿದಿರಿನ ಬುಟ್ಟಿಯಲ್ಲಿ ಹಳೆಯ ಸೀರೆಯ ತುಂಡು ಹಾಸಿ, ಅದರಲ್ಲಿ ಮನೆಯ ಬೆಕ್ಕನ್ನು ಮಲಗಿಸಿಕೊಂಡು ತಂದಿದ್ದರು. ಬೆಕ್ಕಿನ ಮೈ ಅದುರುತ್ತಿತ್ತು, ಬಾಯಿಂದ ಜೊಲ್ಲು ಸುರಿಯುತ್ತಿತ್ತು, ಕಿವಿಯನ್ನು ಮುಟ್ಟಿದರೂ ಸೆಳೆತ ಬರುತ್ತಿತ್ತು. “ನಾಯಿಗಷ್ಟೇ ಹಚ್ಚಿದ್ದು ಡಾಕ್ಟ್ರೇ, ಬೆಕ್ಕಿಗೆ ಒಂದು ಹನೀನೂ ಹಾಕಿಲ್ಲ” ಎಂದು ಅವರು ಮತ್ತೆ ಮತ್ತೆ ಹೇಳಿದರು. ಅವರು ಹೇಳಿದ್ದು ನಿಜ. ಚಳಿಗಾಲವಾದ್ದರಿಂದ ಆ ಬೆಕ್ಕು ದಿನವೂ ನಾಯಿಯ ಹೊಟ್ಟೆಗೆ ಒತ್ತಿಕೊಂಡು ಮಲಗುತ್ತಿತ್ತು. ಔಷಧ ಇನ್ನೂ ಒಣಗದ ಮೈಗೆ ಒರಗಿ ಮಲಗಿ, ಬೆಳಗ್ಗೆ ಎದ್ದು ತನ್ನ ರೋಮವನ್ನು ನೆಕ್ಕಿಕೊಂಡಿತ್ತು. ಆ ಸಂಜೆಯೇ ಅದು ಸತ್ತಿತು. ಮನೆಯಲ್ಲಿ ಬೆಕ್ಕಿದೆಯೇ ಎಂದು ನಾನು ಕೇಳಿರಲಿಲ್ಲ.

ಅಂದಿನಿಂದ ಇಂದಿನವರೆಗೆ ಚಿಗಟದ ಔಷಧ ಬೇಕೆಂದು ಯಾರೇ ಬಂದರೂ ನಾನು ಕೇಳುವ ಮೊದಲ ಪ್ರಶ್ನೆ ಅದೇ ಆಗಿದೆ.

ಪೈರೆಥ್ರಾಯ್ಡ್‌ಗಳು ಎಂದರೆ ಏನು ಎಂಬುದನ್ನು ಇಲ್ಲಿ ಹೇಳಬೇಕು. ಸೇವಂತಿಗೆಯ ಬಳಗಕ್ಕೆ ಸೇರಿದ ಒಂದು ಹೂವಿನಿಂದ ತೆಗೆಯುವ ಪೈರೆಥ್ರಮ್ ಎಂಬ ಕೀಟನಾಶಕವನ್ನು ಮಾದರಿಯಾಗಿಟ್ಟುಕೊಂಡು ಕಾರ್ಖಾನೆಯಲ್ಲಿ ತಯಾರಿಸಿದ ರಾಸಾಯನಿಕಗಳಿವು. ಪರ್ಮೆಥ್ರಿನ್, ಸೈಪರ್‌ಮೆಥ್ರಿನ್, ಡೆಲ್ಟಾಮೆಥ್ರಿನ್ ಎಂದು ‘ಥ್ರಿನ್’ ಎಂಬ ಬಾಲದೊಂದಿಗೆ ಕೊನೆಗೊಳ್ಳುವ ಹೆಸರುಗಳನ್ನು ನೀವು ದನದ ಉಣ್ಣೆಯ ಔಷಧದ ಬಾಟಲಿಯ ಮೇಲೂ, ಜಿರಳೆಗೆ ಗೆರೆ ಎಳೆಯುವ ಚಾಕ್‌ಪೀಸಿನ ಪೊಟ್ಟಣದ ಮೇಲೂ ಓದಿರುತ್ತೀರಿ. ಇವು ಕೀಟದ ನರಗಳನ್ನು ಬಿಡುವಿಲ್ಲದೆ ಕೆರಳಿಸಿ ಕೊಲ್ಲುತ್ತವೆ. ನಾಯಿ, ದನ, ಮನುಷ್ಯರ ದೇಹಕ್ಕೆ ಸ್ವಲ್ಪ ಪ್ರಮಾಣದಲ್ಲಿ ಸೇರಿದರೆ ಪಿತ್ತಜನಕಾಂಗ ಅವನ್ನು ಒಡೆದು ಹೊರಗೆ ಹಾಕುತ್ತದೆ. ಆ ಕೆಲಸಕ್ಕೆ ಬೇಕಾದ ಕಿಣ್ವವೊಂದು ಬೆಕ್ಕಿನಲ್ಲಿ ತೀರಾ ಕಡಿಮೆ ಇರುವುದರಿಂದ, ಒಳಗೆ ಹೋದದ್ದು ಬೇಗ ಹೊರಗೆ ಹೋಗುವುದಿಲ್ಲ. ನಾವು ಜ್ವರಕ್ಕೆ ನುಂಗುವ ಪ್ಯಾರಾಸಿಟಮಾಲ್ ಮಾತ್ರೆ ಬೆಕ್ಕಿಗೆ ಮಾರಕವಾಗುವುದಕ್ಕೂ ಇದೇ ಬಗೆಯ ಕೊರತೆ ಕಾರಣ. ನಾಯಿಗೆಂದೇ ಮಾಡಿದ, ಪುಟ್ಟ ಕೊಳವೆಯಲ್ಲಿ ಬರುವ, ಚರ್ಮದ ಮೇಲೆ ಹಾಕುವ ಕೆಲವು ಹನಿ ಔಷಧಗಳಲ್ಲಿ ಪರ್ಮೆಥ್ರಿನ್ ನೂರಕ್ಕೆ 40 ಪಾಲಿಗಿಂತಲೂ ಹೆಚ್ಚಿರುತ್ತದೆ. ಅಂಥ ಕೊಳವೆಯೊಂದರ ಸ್ವಲ್ಪ ಭಾಗವನ್ನು ‘ಬೆಕ್ಕು ಚಿಕ್ಕದಲ್ಲವೇ, ಕಾಲು ಭಾಗ ಹಾಕೋಣ’ ಎಂದು ಹಾಕಿದರೂ ಅದರ ಜೀವ ಹೋಗಬಹುದು. ಇಲ್ಲಿ ಪ್ರಮಾಣವನ್ನು ಕಡಿಮೆ ಮಾಡುವ ಮಾತೇ ಇಲ್ಲ. ಆ ಔಷಧವೇ ಆ ಪ್ರಾಣಿಯದಲ್ಲ. ನಾಯಿ, ಬೆಕ್ಕು ಎರಡೂ ಇರುವ ಮನೆಯಲ್ಲಿ ನಾಯಿಗೂ ಇಂಥ ಔಷಧ ಬೇಡ ಎಂದೇ ನಾನು ಹೇಳುತ್ತೇನೆ. ಹಾಕಲೇಬೇಕಾಗಿ ಬಂದರೆ ಮೂರು ದಿನ ಅವೆರಡನ್ನೂ ಬೇರೆ ಬೇರೆ ಕೋಣೆಯಲ್ಲಿ ಇಡಬೇಕು.

ಇನ್ನು ಚಿಗಟದ ವಿಚಾರಕ್ಕೆ ಬರುತ್ತೇನೆ. ನಮ್ಮ ಹಿರಿಯರ ನೆನಪಿನಲ್ಲಿ ಚಿಗಟ ಎಂದರೆ ಪ್ಲೇಗು. 1896ರಲ್ಲಿ ಮುಂಬಯಿಯಲ್ಲಿ, 1898ರಲ್ಲಿ ಬೆಂಗಳೂರಿನಲ್ಲಿ ಕಾಣಿಸಿಕೊಂಡ ಆ ಬೇನೆಯ ಕಾಲದಲ್ಲಿ ಮನೆಯಲ್ಲಿ ಇಲಿ ಬಿದ್ದರೆ ಜನ ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದರು. ಪ್ಲೇಗನ್ನು ಇಲಿಯ ಚಿಗಟ ಹರಡುತ್ತದೆ ಎಂಬುದನ್ನು ಫ್ರೆಂಚ್ ವೈದ್ಯ ಪಾಲ್ ಲೂಯಿ ಸಿಮೋಂ 1898ರಲ್ಲಿ ನಮ್ಮ ಉಪಖಂಡದಲ್ಲಿಯೇ ಕೆಲಸ ಮಾಡುತ್ತಿದ್ದಾಗ ಕಂಡುಕೊಂಡರು. ನಾಯಿ ಬೆಕ್ಕುಗಳ ಮೇಲೆ ನಾವು ದಿನವೂ ಕಾಣುವ ಚಿಗಟ ಆ ಜಾತಿಯದಲ್ಲ. ಇದನ್ನು ಬೆಕ್ಕಿನ ಚಿಗಟ ಎಂದು ಕರೆಯುತ್ತಾರೆ. ನಾಯಿಯ ಮೇಲೆ ಹೆಚ್ಚಾಗಿ ಸಿಗುವುದೂ ಇದೇ. ಇದರಿಂದ ಪ್ಲೇಗಿನಂಥ ಭಯವಿಲ್ಲದಿದ್ದರೂ ಕಡೆಗಣಿಸುವಂತಿಲ್ಲ. ಎಳೆಯ ಮರಿಗಳ ಮೈಯಲ್ಲಿ ನೂರಾರು ಚಿಗಟ ಸೇರಿದರೆ ರಕ್ತಹೀನತೆಯಿಂದ ಅವು ಸಾಯುತ್ತವೆ. ಕೆಲವು ನಾಯಿಗಳಿಗೆ ಚಿಗಟದ ಜೊಲ್ಲೇ ಒಗ್ಗುವುದಿಲ್ಲ. ಬಾಲದ ಬುಡದಲ್ಲಿ, ಸೊಂಟದ ಮೇಲೆ ಕೂದಲು ಉದುರಿ ಗಾಯವಾಗುವಷ್ಟು ತುರಿಕೆ ಬರುತ್ತದೆ. ಒಂದು ಬಗೆಯ ಲಾಡಿಹುಳುವಿನ ಮರಿ ಚಿಗಟದ ಒಳಗೆ ಬೆಳೆಯುವುದರಿಂದ, ಮೈ ನೆಕ್ಕಿಕೊಳ್ಳುವಾಗ ಚಿಗಟವನ್ನು ನುಂಗಿದ ನಾಯಿಗೂ, ಅಪರೂಪಕ್ಕೆ ನೆಲದ ಮೇಲೆ ಆಡುವ ಮಗುವಿಗೂ ಆ ಹುಳು ಅಂಟುತ್ತದೆ.

ಚಿಗಟ ಮತ್ತು ಉಣ್ಣೆಯನ್ನು ಒಂದೇ ಎಂದು ತಿಳಿಯುವವರಿದ್ದಾರೆ. ಉಣ್ಣೆ ಕಿವಿಯಲ್ಲಿ, ಕಾಲ್ಬೆರಳ ಸಂದಿಯಲ್ಲಿ ಬಾಯಿ ನೆಟ್ಟು ಅಲ್ಲಾಡದೆ ಕೂರುತ್ತದೆ, ರಕ್ತ ಕುಡಿದು ಹರಳು ಬೀಜದಂತೆ ಊದಿಕೊಳ್ಳುತ್ತದೆ. ಚಿಗಟ ಎಳ್ಳಿಗಿಂತ ತುಸು ಚಿಕ್ಕದು, ರೋಮದ ನಡುವೆ ಓಡಾಡುತ್ತದೆ, ಹಿಡಿಯಲು ಹೋದರೆ ಹಾರುತ್ತದೆ. ಈ ವ್ಯತ್ಯಾಸ ತಿಳಿಯದೆ ಉಣ್ಣೆಗೆ ಬಳಸುವ ಅಮಿಟ್ರಾಜ್ ಎಂಬ ಔಷಧವನ್ನು ಚಿಗಟಕ್ಕೆ ಬಳಸಿ, ಕೆಲಸವಾಗಲಿಲ್ಲವೆಂದು ಪ್ರಮಾಣವನ್ನು ಎರಡು ಪಟ್ಟು ಮಾಡಿದವರನ್ನು ನೋಡಿದ್ದೇನೆ. ಅಮಿಟ್ರಾಜ್ ಚಿಗಟವನ್ನು ಕೊಲ್ಲುವುದಿಲ್ಲ. ಹೆಚ್ಚಾದರೆ ನಾಯಿ ಮಂಕಾಗಿ, ನಾಡಿ ನಿಧಾನವಾಗಿ, ರಕ್ತದ ಸಕ್ಕರೆ ಏರುತ್ತದೆ. ಬೆಕ್ಕಿಗೆ, ಎಳೆಯ ಮರಿಗೆ, ಸಕ್ಕರೆ ಕಾಯಿಲೆಯಿರುವ ನಾಯಿಗೆ ಅದು ಸಲ್ಲದು. ಹಾಗಾಗಿ ಮೊದಲು ಮೈಯಲ್ಲಿರುವುದು ಚಿಗಟವೇ ಎಂದು ಖಚಿತ ಮಾಡಿಕೊಳ್ಳಬೇಕು. ಹೇನು ತೆಗೆಯುವ ಒತ್ತು ಹಲ್ಲಿನ ಬಾಚಣಿಗೆಯಿಂದ ಸೊಂಟದ ಮೇಲಿನ ರೋಮವನ್ನು ಬಾಚಿ, ಉದುರಿದ ಕರಿ ಪುಡಿಯನ್ನು ಒದ್ದೆ ಮಾಡಿದ ಬಿಳಿ ಬಟ್ಟೆಯ ಮೇಲೆ ಹಾಕಿರಿ. ಮಣ್ಣಾದರೆ ಮಣ್ಣಿನಂತೆಯೇ ಉಳಿಯುತ್ತದೆ. ಚಿಗಟದ ಹಿಕ್ಕೆಯಾದರೆ ಒಂದು ನಿಮಿಷದಲ್ಲಿ ಕೆಂಪು ಬಣ್ಣ ಬಿಡುತ್ತದೆ, ಏಕೆಂದರೆ ಅದು ಜೀರ್ಣವಾಗದೆ ಉಳಿದ ರಕ್ತ.

ನಾನು ಇಂದು ಒಂದೇ ಒಂದು ವಿಷಯವನ್ನು ನಿಮ್ಮ ಮನಸ್ಸಿಗೆ ಮುಟ್ಟಿಸಲು ಸಾಧ್ಯವಾದರೆ ಅದು ಇದು: ನಾಯಿಯ ಮೈಮೇಲೆ ಕಾಣುವ ಚಿಗಟ ಮನೆಯಲ್ಲಿರುವ ಚಿಗಟಗಳ ಸಣ್ಣ ಪಾಲು ಮಾತ್ರ. ಹೆಣ್ಣು ಚಿಗಟ ರಕ್ತ ಕುಡಿದ ಒಂದೆರಡು ದಿನಗಳಲ್ಲಿ ಮೊಟ್ಟೆಯಿಡಲು ತೊಡಗಿ ದಿನಕ್ಕೆ 40ರವರೆಗೂ ಇಡಬಲ್ಲದು. ಮೊಟ್ಟೆಗಳು ನುಣುಪಾಗಿರುವುದರಿಂದ ರೋಮಕ್ಕೆ ಅಂಟದೆ, ನಾಯಿ ಎಲ್ಲೆಲ್ಲಿ ಮಲಗುತ್ತದೆಯೋ ಅಲ್ಲೆಲ್ಲ ಉದುರುತ್ತವೆ. ಅವುಗಳಿಂದ ಹೊರಬರುವ ಹುಳುಗಳು ಬೆಳಕಿಗೆ ಹೆದರಿ ಕಡಪ ಕಲ್ಲಿನ ಸಂದಿಗೆ, ಮಂಚದ ಕೆಳಗಿನ ಧೂಳಿಗೆ, ಕೌದಿಯ ಮಡಿಕೆಗೆ ಸೇರಿಕೊಂಡು, ದೊಡ್ಡ ಚಿಗಟಗಳು ಉದುರಿಸಿದ ಆ ಒಣ ರಕ್ತದ ಹಿಕ್ಕೆಯನ್ನು ತಿಂದು ಬೆಳೆಯುತ್ತವೆ. ಆಮೇಲೆ ರೇಷ್ಮೆ ಹುಳುವಿನಂತೆಯೇ ಇವೂ ನೂಲು ಬಿಟ್ಟು ಗೂಡು ಕಟ್ಟುತ್ತವೆ. ಅಂಟಂಟಾದ ಆ ಗೂಡಿಗೆ ಧೂಳು ಮೆತ್ತಿಕೊಂಡು ಅದು ಕಣ್ಣಿಗೆ ಕಾಣದಂತಾಗುತ್ತದೆ. ಸಾಮಾನ್ಯವಾಗಿ ಕೊಡುವ ಲೆಕ್ಕದ ಪ್ರಕಾರ ಮೊಟ್ಟೆ ನೂರಕ್ಕೆ 50, ಹುಳು 35, ಗೂಡಿನೊಳಗಿನ ಕೋಶ 10. ಪ್ರಾಣಿಯ ಮೈಮೇಲೆ ಜಿಗಿಯುವ ಚಿಗಟ ಉಳಿದ 5 ಮಾತ್ರ.

ಈ ಗೂಡಿನೊಳಕ್ಕೆ ಕೀಟನಾಶಕ ಇಳಿಯುವುದಿಲ್ಲ. ಅದರೊಳಗಿನ ಚಿಗಟ ತಿಂಗಳುಗಟ್ಟಲೆ ಕಾದು ಕೂರಬಲ್ಲದು. ನೆಲದ ಅದುರು, ಮೈಯ ಶಾಖ, ಉಸಿರಿನ ಗಾಳಿ ತಾಗಿದಾಗ ಹೊರಗೆ ಬರುತ್ತದೆ. ಬೇಸಿಗೆ ರಜೆಗೆಂದು ಮನೆಗೆ ಬೀಗ ಹಾಕಿ ಊರಿಗೆ ಹೋದವರು ಹದಿನೈದು ದಿನ ಬಿಟ್ಟು ಬಂದು ಬಾಗಿಲು ತೆಗೆದೊಡನೆ ಕಾಲಿಗೆ ಚಿಗಟ ಮುತ್ತುವುದು ಇದರಿಂದಲೇ. ನಾಯಿಗೆ ಸರಿಯಾದ ಔಷಧ ಹಾಕಿದ ಮೇಲೂ ಮೂರು ನಾಲ್ಕು ವಾರ ಹೊಸ ಚಿಗಟಗಳು ಕಾಣುತ್ತಲೇ ಇರುವುದೂ ಇದರಿಂದಲೇ. ಅವು ಔಷಧ ಸೋತ ಗುರುತಲ್ಲ, ಗೂಡೊಡೆದು ಹೊಸದಾಗಿ ಬಂದವು. ನಾಯಿಯ ಮೈ ಹತ್ತಿದ ಮೇಲೆ ಸಾಯುತ್ತವೆ. ಇದನ್ನು ತಿಳಿಯದ ಮನೆಯವರು ಎಂಟನೆಯ ದಿನಕ್ಕೆ ಇನ್ನೊಂದು ಕೊಳವೆ ಸುರಿಯುತ್ತಾರೆ, ಹತ್ತನೆಯ ದಿನಕ್ಕೆ ಪೌಡರ್ ಹಾಕುತ್ತಾರೆ, ಅದರ ಮೇಲೆ ಕೊರಳಿಗೆ ಔಷಧದ ಪಟ್ಟಿಯನ್ನೂ ಕಟ್ಟುತ್ತಾರೆ. ನನ್ನ ಬಳಿ ಬಂದ ವಿಷಬಾಧೆಯ ನಾಯಿಗಳಲ್ಲಿ ಹೆಚ್ಚಿನವು ಒಂದು ಔಷಧದಿಂದ ಬಳಲಿದವಲ್ಲ, ಹೀಗೆ ಒಂದರ ಮೇಲೊಂದು ಬಿದ್ದ ಔಷಧಗಳಿಂದ ಬಳಲಿದವು.

ಹಾಗಾದರೆ ಮನೆಯಲ್ಲಿ ಮಾಡಬೇಕಾದ್ದೇನು? ಮೊದಲ ಆಯುಧ ಕಸಬರಿಗೆ ಮತ್ತು ಬಿಸಿನೀರು. ನಾಯಿ ಬೆಕ್ಕು ಮಲಗುವ ಗೋಣಿತಟ್ಟು, ಕೌದಿ, ಹಾಸುಗಳನ್ನು ವಾರಕ್ಕೊಮ್ಮೆ ಕುದಿಯುವಷ್ಟು ಬಿಸಿನೀರಿನಲ್ಲಿ ನೆನೆಸಿ ಒಗೆದು ಬಿಸಿಲಿಗೆ ಹಾಕಬೇಕು. ಚಳ್ಳಕೆರೆಯ ಕಡೆಯ ಉಣ್ಣೆಯ ಕಂಬಳಿಯನ್ನು ಕುದಿಸಿದರೆ ಅದು ಕುಗ್ಗಿ ಹಾಳಾಗುತ್ತದೆ ಎಂದು ಸಭೆಯಲ್ಲಿ ಒಬ್ಬ ಅಜ್ಜಿ ಹೇಳಿದ್ದು ಸರಿಯಾದ ಮಾತು; ಕಂಬಳಿಯನ್ನು ಜಾಡಿಸಿ, ಕಲ್ಲಿನ ಮೇಲೋ ಮಾಳಿಗೆಯ ಮೇಲೋ ಎರಡೂ ಮಗ್ಗುಲು ತಿರುವಿ ಹಾಕಿ, ಕಡುಬಿಸಿಲಿನಲ್ಲಿ ಇಡೀ ದಿನ ಒಣಗಿಸಿದರೆ ಸಾಕು. ಚಿಗಟದ ಮೊಟ್ಟೆ ಮತ್ತು ಹುಳುಗಳಿಗೆ ತೇವ ಬೇಕು. ಗಾಳಿಯ ತೇವ ನೂರಕ್ಕೆ 50ಕ್ಕಿಂತ ಕೆಳಗೆ ಇಳಿದರೆ, ಇಲ್ಲವೇ ಶಾಖ 35 ಡಿಗ್ರಿ ದಾಟಿದರೆ ಹುಳುಗಳು ಬದುಕುವುದು ಕಷ್ಟ. ಚಿತ್ರದುರ್ಗದ ಏಪ್ರಿಲ್ ತಿಂಗಳ ಬಿಸಿಲು ಅಂಗಳದ ಚಿಗಟವನ್ನು ತಾನಾಗಿಯೇ ಕೊಲ್ಲುತ್ತದೆ. ಮಳೆಗಾಲದಲ್ಲಿ, ಮತ್ತು ಭದ್ರಾ ನಾಲೆಯ ನೀರು ಹರಿಯುವ ದಾವಣಗೆರೆ, ಹರಿಹರದ ಕಡೆಯ ಹಳ್ಳಿಗಳಲ್ಲಿ ಆ ನೆರವು ಸಿಗುವುದಿಲ್ಲ. ಮನೆಯೊಳಗೆ ಬಿಸಿಲು ಕಾಣದ ಮೂಲೆಗಳಲ್ಲಂತೂ ಎಲ್ಲ ಕಾಲದಲ್ಲೂ ಅವು ಉಳಿಯುತ್ತವೆ. ಆದ್ದರಿಂದ ಮಂಚ, ಕಪಾಟು, ಧಾನ್ಯದ ಚೀಲಗಳನ್ನು ಸರಿಸಿ ಗೋಡೆಯ ಬುಡವನ್ನು ದಿನ ಬಿಟ್ಟು ದಿನ ಗುಡಿಸಬೇಕು. ವ್ಯಾಕ್ಯೂಮ್ ಕ್ಲೀನರ್ ಇದ್ದವರಿಗೆ ಇನ್ನೂ ಒಳ್ಳೆಯದು, ಏಕೆಂದರೆ ಅದರ ಅದುರಿಗೆ ಗೂಡಿನೊಳಗಿನ ಚಿಗಟ ಹೊರಬಂದು ಸಿಕ್ಕಿಬೀಳುತ್ತದೆ. ಗುಡಿಸಿದ ಕಸವನ್ನು ಮನೆಯ ಪಕ್ಕದ ತಿಪ್ಪೆಗೆ ಎಸೆಯದೆ ಸೋಪಿನ ನೀರಿಗೆ ಹಾಕಿ ಚೆಲ್ಲಬೇಕು. ನೆಲದ ಕಲ್ಲುಗಳ ಸಂದಿಗೆ ಸಿಮೆಂಟು ತುಂಬಿಸುವ ಖರ್ಚು ಒಮ್ಮೆ ಮಾಡಿದರೆ, ವರ್ಷ ವರ್ಷ ಔಷಧಕ್ಕೆ ಮಾಡುವ ಖರ್ಚು ಕಡಿಮೆಯಾಗುತ್ತದೆ.

ಮನೆಗೆ ಕೀಟನಾಶಕ ಸಿಂಪಡಿಸಲೇಬೇಕಾದ ಸಂದರ್ಭ ಬಂದರೆ, ಮನೆಯೊಳಗೆ ಬಳಸಲೆಂದೇ ಮಾಡಿದ್ದನ್ನು ಮಾತ್ರ ಬಳಸಬೇಕು. ನೀರಿನ ಕೊಡ, ಪಾತ್ರೆ, ಹಿಟ್ಟಿನ ಡಬ್ಬಗಳನ್ನು ಮುಚ್ಚಿಟ್ಟು, ಮಕ್ಕಳನ್ನೂ ಗರ್ಭಿಣಿಯರನ್ನೂ ಪ್ರಾಣಿಗಳನ್ನೂ ಹೊರಗೆ ಕಳಿಸಿ, ಸಿಂಪಡಿಸಿದ್ದು ಪೂರಾ ಒಣಗಿ ಗಾಳಿಯಾಡಿದ ಮೇಲಷ್ಟೇ ಒಳಗೆ ಬರಬೇಕು. ಅಂಬೆಗಾಲಿಡುವ ಮಗುವಿನ ಕೈ ದಿನವಿಡೀ ನೆಲದ ಮೇಲಿರುತ್ತದೆ, ಅದೇ ಕೈ ಬಾಯಿಗೂ ಹೋಗುತ್ತದೆ ಎಂಬುದನ್ನು ಮರೆಯಬಾರದು. ಮೀನಿನ ತೊಟ್ಟಿ ಇದ್ದರೆ ಗಾಳಿಯ ಪಂಪನ್ನು ನಿಲ್ಲಿಸಿ ತೊಟ್ಟಿಯನ್ನು ಮುಚ್ಚಬೇಕು. ಪೈರೆಥ್ರಾಯ್ಡ್‌ಗಳು ಮೀನಿಗೆ ಘೋರ ವಿಷ. ಮೊಳಕಾಲ್ಮೂರಿನ ಕಡೆಯಿಂದ ಬಂದವರಿಗೆ ಇನ್ನೊಂದು ಮಾತು: ರೇಷ್ಮೆ ಹುಳು ಮೇಯಿಸುವ ಮನೆಯಲ್ಲಿ ಚಿಗಟಕ್ಕೆಂದು ಯಾವ ಸಿಂಪಡಣೆಯನ್ನೂ ಮಾಡಬೇಡಿ. ನಾಯಿಗೆ ಔಷಧ ಹಚ್ಚಿದ ಕೈಯಲ್ಲಿ ಹಿಪ್ಪುನೇರಳೆ ಸೊಪ್ಪನ್ನೂ ಮುಟ್ಟಬೇಡಿ. ಚಿಗಟವನ್ನು ಕೊಲ್ಲುವ ವಸ್ತುವಿಗೆ ರೇಷ್ಮೆ ಹುಳುವೂ ಒಂದು ಕೀಟವೇ. ಒಂದು ಇಡೀ ಬೆಳೆ ಹೋಗುವುದಕ್ಕೆ ಸೊಪ್ಪಿಗಂಟಿದ ಸ್ವಲ್ಪ ಔಷಧ ಸಾಕು.

ನಮ್ಮ ಜಿಲ್ಲೆಗಳಲ್ಲಿ ನಾನು ಅತಿ ಹೆಚ್ಚು ಹೆದರುವುದು ಹೊಲದ ಔಷಧಕ್ಕೆ. ಭತ್ತ, ಮೆಣಸಿನಕಾಯಿ, ಹತ್ತಿಗೆ ಹೊಡೆಯಲು ತಂದ ಬಾಟಲಿಯಲ್ಲಿ ಒಂದಿಷ್ಟು ಉಳಿದಿರುತ್ತದೆ. ಅದರ ಮೇಲೆ ಫಿಪ್ರೊನಿಲ್ ಎಂದೋ ಇಮಿಡಾಕ್ಲೋಪ್ರಿಡ್ ಎಂದೋ ಬರೆದಿರುತ್ತದೆ. ಪಶು ಔಷಧದ ಅಂಗಡಿಯಲ್ಲಿ ನಾಯಿಗೆಂದು ಕೊಡುವ ದುಬಾರಿ ಕೊಳವೆಯ ಮೇಲೂ ಅದೇ ಹೆಸರಿರುತ್ತದೆ. ಓದು ಬಲ್ಲ ಯುವಕರೊಬ್ಬರು ನನ್ನನ್ನು ಕೇಳಿದರು: “ಸರ್, ಗದ್ದೆಗೆ ಹೊಡೆಯುವ ಫಿಪ್ರೊನಿಲ್ ನೂರಕ್ಕೆ 5, ನಾಯಿಯ ಕೊಳವೆಯಲ್ಲಿರುವುದು ನೂರಕ್ಕೆ ಸುಮಾರು 10. ಹಾಗಾದರೆ ಗದ್ದೆಯದೇ ಸೌಮ್ಯವಲ್ಲವೇ?” ಪ್ರಶ್ನೆ ಜಾಣತನದ್ದು, ಆದ್ದರಿಂದ ಪೂರ್ಣ ಉತ್ತರ ಕೊಡುತ್ತೇನೆ. 10 ಕಿಲೋವರೆಗಿನ ನಾಯಿಯ ಕೊಳವೆಯಲ್ಲಿ ಇರುವುದು 0.67 ಮಿಲಿಲೀಟರ್, ಎಂದರೆ ಕೆಲವೇ ಹನಿ. ಅದನ್ನು ಒಂದೇ ಜಾಗದಲ್ಲಿ ಹಾಕುತ್ತೇವೆ. ಅದು ಚರ್ಮದ ಎಣ್ಣೆಯ ಜೊತೆ ನಿಧಾನವಾಗಿ ಮೈಗೆಲ್ಲ ಹರಡುತ್ತದೆ. ಮೈಗೆಲ್ಲ ಹೊಡೆಯುವ ಫಿಪ್ರೊನಿಲ್ ಸ್ಪ್ರೇಯಲ್ಲಿ ಇರುವುದು ನೂರಕ್ಕೆ 0.25 ಮಾತ್ರ, ಗದ್ದೆಯ ಬಾಟಲಿ ಅದರ 20 ಪಟ್ಟು. ಬಾಟಲಿಯಿಂದ ಅಂದಾಜಿನಲ್ಲಿ ಬೆರೆಸಿ ಮಗ್ಗಿನಲ್ಲಿ ಸುರಿಯುವವರ ಕೈಯಲ್ಲಿ ಲೆಕ್ಕ ಎಲ್ಲಿ ನಿಲ್ಲುತ್ತದೆ? ಅಲ್ಲದೆ ಎಲೆಗೆ ಅಂಟಿಕೊಳ್ಳಲೆಂದು ಹೊಲದ ಔಷಧಕ್ಕೆ ಸೇರಿಸಿದ ದ್ರಾವಕಗಳು ಬೇರೆ, ಜೀವಂತ ಚರ್ಮಕ್ಕೆಂದು ಪರೀಕ್ಷಿಸಿದ ದ್ರಾವಕಗಳು ಬೇರೆ. ಹೆಸರು ಒಂದಾದ ಮಾತ್ರಕ್ಕೆ ವಸ್ತು ಒಂದಾಗುವುದಿಲ್ಲ.

ರೈತರಿಗೆ ಬಾಟಲಿಯ ಮೇಲಿನ ಬಣ್ಣದ ಗುರುತು ಗೊತ್ತಿದೆ. 1968ರ ಕೀಟನಾಶಕ ಕಾಯ್ದೆಯ ನಿಯಮಗಳಂತೆ ಕೆಂಪು ಅತ್ಯಂತ ವಿಷಕಾರಿ, ಆಮೇಲೆ ಹಳದಿ, ನೀಲಿ, ಕೊನೆಗೆ ಹಸಿರು. ‘ಹಸಿರು ಗುರುತಿನದು, ನಾಯಿಗೆ ಏನೂ ಆಗುವುದಿಲ್ಲ’ ಎಂಬ ತೀರ್ಮಾನ ಮಾತ್ರ ತಪ್ಪು. ಆ ಗುರುತು ಬೆಕ್ಕಿನ ಪಿತ್ತಜನಕಾಂಗವನ್ನು ನೋಡಿ ಹಾಕಿದ್ದಲ್ಲ. ಇನ್ನು ಕೆಲವು ಮನೆಗಳ ಅಟ್ಟದ ಮೇಲೆ ಹಳೆಯ ಗಮಾಕ್ಸಿನ್ ಪುಡಿ ಇನ್ನೂ ಇದೆ. ಅದರಲ್ಲಿರುವ ಬಿಎಚ್‌ಸಿ ಎಂಬ ಕೀಟನಾಶಕವನ್ನು ನಮ್ಮ ದೇಶದಲ್ಲಿ 1997ರಲ್ಲಿಯೇ ನಿಷೇಧಿಸಲಾಗಿದೆ. ನಾಯಿಗಳಿಗೆ ಉದುರಿಸುತ್ತಿದ್ದ ಕಾರ್ಬರಿಲ್ ಪುಡಿಯ ಮೇಲೆ 2018ರಲ್ಲಿ ನಿಷೇಧ ಬಂದಿತು. ಕೈಗೆ ಸಿಕ್ಕ ಬಿಳಿ ಪುಡಿಯನ್ನು ನಾಯಿಯ ಮೇಲೂ, ಅದು ಮಲಗುವ ಜಾಗದಲ್ಲೂ ಉದುರಿಸುವ ರೂಢಿಯನ್ನು ದಯವಿಟ್ಟು ಬಿಡಿ.

ಮನೆಮದ್ದಿನ ಬಗ್ಗೆಯೂ ನೇರವಾಗಿ ಹೇಳಿಬಿಡುತ್ತೇನೆ. ಸೀಮೆಎಣ್ಣೆ ಚರ್ಮವನ್ನು ಸುಡುತ್ತದೆ, ನೆಕ್ಕಿದಾಗ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ತರುತ್ತದೆ. ಹೊಗೆಸೊಪ್ಪು ನೆನೆಸಿದ ನೀರಿನಲ್ಲಿ ಇರುವುದು ನಿಕೋಟಿನ್. ಅದು ಚರ್ಮದ ಮೂಲಕವೇ ಒಳಗೆ ಹೋಗುವ ವಿಷ. ಬೆಳ್ಳುಳ್ಳಿ ತಿನ್ನಿಸಿದರೆ ನಾಯಿ ಬೆಕ್ಕುಗಳ ಕೆಂಪು ರಕ್ತಕಣಗಳು ಒಡೆಯುತ್ತವೆ. ಕರ್ಪೂರ, ನುಸಿಗುಳಿಗೆ, ಫಿನಾಯಿಲ್ ಇವುಗಳನ್ನು ಬೆಕ್ಕಿನ ಹತ್ತಿರಕ್ಕೂ ತರಬಾರದು. ಬೇವಿನ ಬಗ್ಗೆ ನಮಗೆಲ್ಲ ಪ್ರೀತಿಯಿದೆ, ನನಗೂ ಇದೆ. ಆದರೆ ಗಟ್ಟಿ ಬೇವಿನೆಣ್ಣೆಯನ್ನು ಬೆಕ್ಕಿಗೆ ಸವರಿದರೆ ಅದು ನೆಕ್ಕಿಕೊಂಡು ಕಾಯಿಲೆ ಬೀಳುತ್ತದೆ. ಎಂಟು ವಾರ ತುಂಬದ ಮರಿಗಳಿಗೆ ನಾನು ಹೇಳುವ ಚಿಕಿತ್ಸೆ ಉಗುರುಬೆಚ್ಚಗಿನ ನೀರು, ಸೌಮ್ಯವಾದ ಸೋಪು ಮತ್ತು ಬಾಚಣಿಗೆ. ಬಾಚಣಿಗೆಗೆ ಬಂದ ಚಿಗಟವನ್ನು ಸೋಪಿನ ನೀರಿನ ಬಟ್ಟಲಿಗೆ ಅದ್ದಿದರೆ ಮುಳುಗಿ ಸಾಯುತ್ತದೆ. ಸ್ನಾನದ ನಂತರ ಮರಿಯನ್ನು ಒರೆಸಿ ಬೆಚ್ಚಗಿಡಬೇಕು. ಇದು ತಾಳ್ಮೆಯ ಕೆಲಸ, ಆದರೆ ಇದರಿಂದ ಮರಿ ಸಾಯುವುದಿಲ್ಲ.

ದೊಡ್ಡ ನಾಯಿಗೆ ಔಷಧ ಕೊಳ್ಳುವ ಮೊದಲು ಅದರ ತೂಕ ನೋಡಬೇಕು. ಕಣ್ಣಳತೆಯ ತೂಕ ನನಗೇ ಎಷ್ಟೋ ಸಲ ತಪ್ಪಿದೆ. ಮೆಕ್ಕೆಜೋಳದ ಚೀಲ ತೂಗುವ ತಕ್ಕಡಿಯ ಮೇಲೆ ನಾಯಿಯನ್ನು ಎತ್ತಿಕೊಂಡು ನಿಂತು, ಬಂದ ತೂಕದಲ್ಲಿ ನಿಮ್ಮ ತೂಕವನ್ನು ಕಳೆದರೆ ಆಯಿತು. ದೊಡ್ಡ ನಾಯಿಯ ಕೊಳವೆಯನ್ನು ತಂದು ಎರಡು ಚಿಕ್ಕ ನಾಯಿಗಳಿಗೆ ಹಂಚುವುದು ಉಳಿತಾಯವಲ್ಲ. ಕೊಳವೆಯಲ್ಲಿ ಅಳತೆಯ ಗೆರೆ ಇಲ್ಲ. ಹನಿ ಔಷಧವನ್ನು ರೋಮದ ಮೇಲೆ ಹಾಕಿದರೆ ವ್ಯರ್ಥ. ಹೆಗಲುಗಳ ನಡುವೆ, ಕತ್ತಿನ ಬುಡದಲ್ಲಿ, ನಾಲಿಗೆ ತಲುಪದ ಜಾಗದಲ್ಲಿ ರೋಮವನ್ನು ಬೈತಲೆ ತೆಗೆದಂತೆ ಸರಿಸಿ ಚರ್ಮಕ್ಕೇ ತಾಗುವಂತೆ ಹಾಕಬೇಕು. ಅದರ ಹಿಂದಿನ ಮತ್ತು ಮುಂದಿನ ಎರಡು ದಿನ ಸ್ನಾನ ಬೇಡ. ಕೈಗೆ ಗ್ಲೌಸ್ ಹಾಕಿಕೊಳ್ಳಿ, ಇಲ್ಲವಾದರೆ ಪ್ಲಾಸ್ಟಿಕ್ ಚೀಲವಾದರೂ ಇರಲಿ. ಒಣಗುವವರೆಗೆ ಮಕ್ಕಳು ನಾಯಿಯನ್ನು ತಬ್ಬಬಾರದು, ಆ ರಾತ್ರಿ ಅದರ ಜೊತೆ ಮಲಗಬಾರದು. ನಾಯಿಯನ್ನು ಕೆರೆಗೋ ಚಾನಲ್ಲಿಗೋ ಇಳಿಸಬಾರದು, ಖಾಲಿ ಕೊಳವೆಯನ್ನು ಅಲ್ಲಿಗೆ ಎಸೆಯಲೂಬಾರದು. ಇಂಗ್ಲೆಂಡಿನ ನದಿಗಳ ನೀರನ್ನು ಪರೀಕ್ಷಿಸಿದಾಗ ಬಹುಪಾಲು ಮಾದರಿಗಳಲ್ಲಿ ಫಿಪ್ರೊನಿಲ್ ಸಿಕ್ಕಿತು. ಅಲ್ಲಿ ಅದನ್ನು ಬೆಳೆಗೆ ಹೊಡೆಯುವುದು ನಿಂತಿದ್ದರಿಂದ ನಾಯಿ ಬೆಕ್ಕುಗಳ ಔಷಧದ ಮೇಲೆಯೇ ಅನುಮಾನ ಬಂದಿದೆ. ನಮ್ಮ ಸೂಳೆಕೆರೆಯಂಥ ಕೆರೆಗಳ ನೀರನ್ನು ಜನ ಕುಡಿಯುತ್ತಾರೆ, ಮೀನೂ ಅಲ್ಲಿಯೇ ಬೆಳೆಯುತ್ತದೆ.

ಫಿಪ್ರೊನಿಲ್ ನಾಯಿಗೂ ಬೆಕ್ಕಿಗೂ ಆಗುತ್ತದೆ, ಅವುಗಳಿಗೆಂದೇ ಬೇರೆ ಬೇರೆ ಕೊಳವೆಗಳಿವೆ. ಆದರೆ ಮೊಲಕ್ಕೆ ಅದು ಪ್ರಾಣಾಂತಿಕ. ಮೊಲ ಸಾಕಿದ ಮನೆಯವರು ಇದನ್ನು ಬರೆದಿಟ್ಟುಕೊಳ್ಳಿ. ಬೆಕ್ಕಿಗೆ ಇಮಿಡಾಕ್ಲೋಪ್ರಿಡ್, ಸೆಲಮೆಕ್ಟಿನ್ ಇರುವ, ಬೆಕ್ಕಿನ ಚಿತ್ರವೂ ಹೆಸರೂ ಇರುವ ಹನಿ ಔಷಧಗಳು ಸಿಗುತ್ತವೆ. ಈಗ ನಾಯಿಗೆ ತಿನ್ನಿಸುವ ಮಾತ್ರೆಗಳೂ ಬಂದಿವೆ. ಅಫಾಕ್ಸೊಲೇನರ್ ಒಂದು ತಿಂಗಳು, ಫ್ಲೂರಲೇನರ್ ಸುಮಾರು 12 ವಾರ ಕೆಲಸ ಮಾಡುತ್ತದೆ. ಹೊರಮೈಯಲ್ಲಿ ಔಷಧವಿರದ ಕಾರಣ ಚಿಕ್ಕ ಮಕ್ಕಳಿರುವ ಮನೆಗೆ ಇವು ಅನುಕೂಲ. ಈ ಗುಂಪಿನ ಔಷಧದಿಂದ ಕೆಲವು ಪ್ರಾಣಿಗಳಲ್ಲಿ ನಡುಕ, ಸೆಳೆತ ಕಂಡುಬಂದಿದೆ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2018ರಲ್ಲಿ ಎಚ್ಚರಿಸಿತು. ಹಾಗಾಗಿ ನಿಮ್ಮ ನಾಯಿಗೆ ಹಿಂದೆ ಯಾವಾಗಲಾದರೂ ಫಿಟ್ಸ್ ಬಂದಿದ್ದರೆ ವೈದ್ಯರಿಗೆ ಮೊದಲೇ ಹೇಳಬೇಕು. ದನಕ್ಕೆ ಕೊಡುವ ಐವರ್‌ಮೆಕ್ಟಿನ್ ಇಂಜೆಕ್ಷನ್ನನ್ನು ನಾಯಿಗೆ ತಾವೇ ಚುಚ್ಚುವವರು ಇದ್ದಾರೆ. ಚಿಗಟಕ್ಕೆ ಅದು ನಂಬಬಹುದಾದ ಔಷಧವಲ್ಲ, ಕೋಲಿ ತಳಿಯಂಥ ನಾಯಿಗಳಿಗೆ ಅದು ಮಿದುಳಿಗೇ ಏರುತ್ತದೆ.

ಇಷ್ಟೆಲ್ಲ ಎಚ್ಚರದ ನಡುವೆಯೂ ಕೈತಪ್ಪುವುದುಂಟು. ಔಷಧ ಹಾಕಿದ ಮೇಲೆ ಜೊಲ್ಲು, ವಾಂತಿ, ತೂರಾಟ, ಕಿವಿ ಅಥವಾ ಮೈ ಅದುರುವುದು, ಸೆಳೆತ ಇವುಗಳಲ್ಲಿ ಯಾವುದು ಕಂಡರೂ ಕಾಯಬೇಡಿ. ಬೆಕ್ಕಿನಲ್ಲಿ ಕೆಲವು ಗಂಟೆಗಳಲ್ಲೇ ಕಾಣಬಹುದು, ಮೂರನೆಯ ದಿನಕ್ಕೆ ಶುರುವಾಗುವುದೂ ಉಂಟು. ಮೈಮೇಲಿನ ಔಷಧವನ್ನು ಪಾತ್ರೆ ತೊಳೆಯುವ ದ್ರವ ಸೋಪು ಮತ್ತು ಉಗುರುಬೆಚ್ಚಗಿನ ನೀರಿನಿಂದ ತೊಳೆಯಿರಿ. ಬಿಸಿನೀರು ಬೇಡ, ಅದರಿಂದ ಚರ್ಮದ ರಕ್ತನಾಳಗಳು ಹಿಗ್ಗಿ ಔಷಧ ಇನ್ನೂ ಒಳಗೆ ಹೋಗುತ್ತದೆ. ಆಗಲೇ ಸೆಳೆತ ಬರುತ್ತಿದ್ದರೆ ತೊಳೆಯುತ್ತ ಕೂರದೆ ಟವೆಲಿನಲ್ಲಿ ಸುತ್ತಿಕೊಂಡು ನೇರವಾಗಿ ಪಶು ಆಸ್ಪತ್ರೆಗೆ ಹೊರಡಿ. ಹಾಲು, ಎಣ್ಣೆ, ಹುಣಸೆ ನೀರು ಕುಡಿಸಬೇಡಿ. ಉಪ್ಪು ಹಾಕಿ ವಾಂತಿ ಮಾಡಿಸಬೇಡಿ. ಔಷಧದ ಬಾಟಲಿ ಅಥವಾ ಪೊಟ್ಟಣವನ್ನು ತಪ್ಪದೆ ಜೊತೆಗೆ ತನ್ನಿ. ಪೈರೆಥ್ರಾಯ್ಡ್‌ಗೆ ನೇರವಾದ ಪ್ರತಿವಿಷವಿಲ್ಲ, ಸೆಳೆತವನ್ನು ತಡೆದು ದೇಹ ತಾನೇ ಅದನ್ನು ಹೊರಹಾಕುವವರೆಗೆ ಪ್ರಾಣಿಯನ್ನು ಉಳಿಸಿಕೊಳ್ಳಬೇಕು. ಆರ್ಗನೋಫಾಸ್ಫೇಟ್ ಎಂಬ ಇನ್ನೊಂದು ಗುಂಪಿನ ಕೀಟನಾಶಕವಾದರೆ ಅಟ್ರೋಪಿನ್ ಎಂಬ ಪ್ರತಿವಿಷವಿದೆ. ಯಾವುದೆಂದು ಹೇಳುವುದು ಆ ಪೊಟ್ಟಣ ಮಾತ್ರ. ತರಲು ವಾಹನವಿಲ್ಲದಿದ್ದರೆ 1962ಕ್ಕೆ ಕರೆ ಮಾಡಿದರೆ ಸಂಚಾರಿ ಪಶು ಚಿಕಿತ್ಸಾ ವಾಹನವನ್ನು ಕೇಳಬಹುದು. ಮಗು ಔಷಧವನ್ನು ಬಾಯಿಗೆ ಹಾಕಿಕೊಂಡಿದ್ದರೆ 108.

ಕೊನೆಯಲ್ಲಿ ಒಬ್ಬ ತಾಯಿ ಎದ್ದು, ತಮ್ಮ ಬೀದಿಯಲ್ಲಿ ಅನ್ನ ಹಾಕುವ ಮೂರು ನಾಯಿಗಳಿವೆ, ಅವು ಯಾರವೂ ಅಲ್ಲ, ಅವುಗಳ ಚಿಗಟವೇ ತಮ್ಮ ಮನೆಯ ನಾಯಿಗೆ ಹತ್ತುತ್ತದೆ, ಏನು ಮಾಡಲಿ ಎಂದು ಕೇಳಿದರು. ಅನ್ನ ಹಾಕುವುದನ್ನು ನಿಲ್ಲಿಸಬೇಡಿ ಎಂದೆ. ಅವು ಮಲಗುವ ಜಗುಲಿಯ ಕೆಳಗಿನ ಧೂಳನ್ನು ಗುಡಿಸಿಸಿ, ಗೋಣಿಚೀಲವನ್ನು ಬಿಸಿಲಿಗೆ ಹಾಕಿ, ಹತ್ತಿರ ಬಿಟ್ಟುಕೊಳ್ಳುವ ನಾಯಿಗಳಾದರೆ ಅಂದಾಜು ತೂಕವನ್ನು ವೈದ್ಯರಿಗೆ ಹೇಳಿ ಅನ್ನದಲ್ಲಿ ಮಾತ್ರೆ ಕೊಡಬಹುದು ಎಂದೆ. ಮೂರಕ್ಕೂ ಒಂದೇ ತಟ್ಟೆಯಲ್ಲಿ ಹಾಕಿದರೆ ಒಂದೇ ನಾಯಿ ಮೂರು ಮಾತ್ರೆಯನ್ನೂ ತಿಂದುಬಿಡಬಹುದು, ಆದ್ದರಿಂದ ಬೇರೆ ಬೇರೆ ಕಡೆ ಹಾಕಿ, ತಿಂದು ಮುಗಿಸುವವರೆಗೆ ನಿಂತು ನೋಡಿ ಎಂದೂ ಹೇಳಿದೆ. ಆಮೇಲೆ ಆ ತಾಯಿಯನ್ನೂ ಕೇಳಿದೆ, ಮನೆಯಲ್ಲಿ ಬೆಕ್ಕಿದೆಯೇ ಎಂದು. ಇದೆ ಎಂದರು, ಎರಡು, ಒಂದಕ್ಕೆ ಮೊನ್ನೆಯಷ್ಟೇ ಮರಿಗಳಾಗಿವೆ ಎಂದರು. ಹಾಲೂಡುವ ಬೆಕ್ಕಿಗೆ ಯಾವುದನ್ನು ಹಾಕಬಹುದು ಎಂಬುದನ್ನು ತಿಳಿಯಲು ಅದರ ಮೈಯನ್ನು ಒಮ್ಮೆ ನೋಡಬೇಕಾಗುತ್ತದೆ, ಅಲ್ಲಿಯವರೆಗೆ ಬಾಚಣಿಗೆ ಮಾತ್ರ ಇರಲಿ, ಬೀದಿ ನಾಯಿಗಳಿಗೂ ಮೈಗೆ ಹಚ್ಚುವ ಔಷಧ ಬೇಡ, ಮಾತ್ರೆಯೇ ಇರಲಿ ಎಂದು ಹೇಳಿ, ಮರುದಿನ ಬೆಳಗ್ಗೆ ಬೆಕ್ಕನ್ನು ಮರಿಗಳ ಸಮೇತ ತರುವಂತೆ ತಿಳಿಸಿದೆ.